ಎಡಗಡೆ ಸೀಟಿನಲ್ಲಿ ಕೂರುವವರಿಗೆ

ಪಿಯುಸಿ ಫಲಿತಾಂಶ ಬಂದ ವಾರ ಯಾವುದಾದರೂ ಬೈಕ್ ಷೋರೂಮಿನ ಮುಂದೆ ನಿಂತು ನೋಡಿ. ಹೊಸ ಗಾಡಿಗೆ ಹೂವಿನ ಹಾರ, ಚಕ್ರದಡಿ ನಿಂಬೆಹಣ್ಣು, ಪಕ್ಕದಲ್ಲಿ ಮಗನ ಹೆಗಲ ಮೇಲೆ ಕೈಯಿಟ್ಟು ನಿಂತ ಅಪ್ಪ. ಆ ಸಂತೋಷವನ್ನು ಹಂಗಿಸಲು ನನಗೆ ಮನಸ್ಸು ಬಾರದು. ಕಂತಿನ ಸಾಲ ಮಾಡಿ ಮಗನಿಗೆ ಗಾಡಿ ಕೊಡಿಸುವ ತಂದೆಯ ಪ್ರೀತಿ ಸಣ್ಣದಲ್ಲ. ಆದರೂ ಆ ಅಪ್ಪನನ್ನು ಕೇಳಲೇಬೇಕು: ಗಾಡಿ ಕೊಡಿಸಿದಿರಿ ಸ್ವಾಮಿ, ಓಡಿಸುವುದನ್ನು ಕಲಿಸಿದವರು ಯಾರು?

ಹೆಚ್ಚಿನ ಮನೆಗಳಲ್ಲಿ ಬರುವ ಉತ್ತರ ಒಂದೇ. "ಫ್ರೆಂಡ್ಸ್ ಜೊತೆ ಮೈದಾನದಲ್ಲಿ ಕಲಿತುಕೊಂಡ." ಹದಿನೇಳರ ಹುಡುಗನಿಗೆ ಇನ್ನೊಬ್ಬ ಹದಿನೇಳರ ಹುಡುಗನೇ ಗುರು. ಕ್ಲಚ್ ಬಿಡುವುದು, ಆಕ್ಸಿಲರೇಟರ್ ತಿರುವುವುದು, ಬಸ್ಸಿನ ಪಕ್ಕ ಕಟ್ ಹೊಡೆಯುವುದು, ಅಲ್ಲಿಗೆ ಪಾಠ ಮುಗಿಯಿತು.

ಕೇಂದ್ರ ಸಾರಿಗೆ ಸಚಿವಾಲಯ ಕೊಟ್ಟ ಲೆಕ್ಕದ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ದಿನಕ್ಕೆ 460ಕ್ಕೂ ಹೆಚ್ಚು. ನಮ್ಮ ರಾಜ್ಯವೊಂದರಲ್ಲೇ ಹನ್ನೊಂದು ಸಾವಿರ ದಾಟಿತು. ದೇಶದಲ್ಲಿ ಸತ್ತವರಲ್ಲಿ ನೂರಕ್ಕೆ 44 ಮಂದಿ ದ್ವಿಚಕ್ರ ವಾಹನದವರು. 50,029 ಮಂದಿಯ ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. ಹತ್ತು ಸಾವುಗಳಲ್ಲಿ ಏಳಕ್ಕೆ ಅತಿವೇಗವೇ ಕಾರಣ ಎಂದು ದಾಖಲಾಗಿದೆ. ರಸ್ತೆಗುಂಡಿಗಳ ಬಗ್ಗೆ ಜಗಳವಾಡೋಣ, ಆಡಲೇಬೇಕು. ಆದರೆ ಅತಿವೇಗ ಎಂಬುದು ಪಾಲಿಕೆ ತೋಡಿದ ಗುಂಡಿಯಲ್ಲ. ಅದನ್ನು ಮನೆಯಲ್ಲೇ ಯಾರೋ ಒಬ್ಬರು ತಡೆಯಬೇಕಿತ್ತು, ತಡೆಯಲಿಲ್ಲ.

ಕಾನೂನಿನಲ್ಲಿ ಗೊಂದಲವೇನೂ ಇಲ್ಲ. ಹದಿನಾರು ತುಂಬಿದವರು 50 ಸಿಸಿ ಮೀರದ ಗಾಡಿಯನ್ನಷ್ಟೇ ಓಡಿಸಬಹುದು, ಉಳಿದ ಬೈಕು, ಸ್ಕೂಟರು, ಸ್ವಂತ ಕಾರುಗಳಿಗೆ ಹದಿನೆಂಟು ತುಂಬಬೇಕು. ಇವತ್ತು ರಸ್ತೆಯಲ್ಲಿ ಓಡುವ ಸ್ಕೂಟರುಗಳು ಬಹುಪಾಲು 110, 125 ಸಿಸಿಯವು. ಅಂದಮೇಲೆ ಹದಿನಾರರ ಮಗಳನ್ನು ಟ್ಯೂಷನ್ನಿಗೆ ಸ್ಕೂಟರಿನಲ್ಲಿ ಕಳಿಸುವ ಮನೆಯವರು ತಪ್ಪು ಮಾಡುತ್ತಿದ್ದಾರೆ, ಗೊತ್ತಿದ್ದೇ ಮಾಡುತ್ತಿದ್ದಾರೆ. 2019ರ ತಿದ್ದುಪಡಿಯಲ್ಲಿ ಬಂದ 199ಎ ಕಲಮಿನ ಪ್ರಕಾರ ಇದಕ್ಕೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಆ ಮಗುವಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಇಲ್ಲ. ರಾಜ್ಯದ ನ್ಯಾಯಾಲಯಗಳು ಈ ದಂಡವನ್ನು ಹಾಕುತ್ತಲೂ ಇವೆ. ದಂಡ ಕಟ್ಟಿ ಗೊಣಗಿಕೊಂಡು ಹೊರಬರುವ ಅಪ್ಪಂದಿರು ಪುಣ್ಯವಂತರು. ಅವರ ಮಕ್ಕಳು ಆ ಸಂಜೆ ಮನೆಯಲ್ಲಿದ್ದರು.

ಇನ್ನು ಕಾರಿನ ವಿಷಯ. ಡ್ರೈವಿಂಗ್ ಸ್ಕೂಲಿಗೆ ಹೋದವರು ಕೇಳುವ ಮೊದಲ ಪ್ರಶ್ನೆ "ಲೈಸೆನ್ಸ್ ಸೇರಿ ಎಷ್ಟು?" ಎಂಬುದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಕಾರು ಕಲಿಯುವವರಿಗೆ ಕನಿಷ್ಠ 21 ದಿನಗಳ ತರಬೇತಿ ಬೇಕೆನ್ನುತ್ತವೆ, ಅದರಲ್ಲಿ ಕನಿಷ್ಠ ಹತ್ತು ಗಂಟೆ ಗಾಡಿ ಓಡಿಸಿಯೇ ಕಲಿತಿರಬೇಕು ಎನ್ನುತ್ತವೆ. ಬೆಳಗಿನ ಹೊತ್ತು ಯಾವ ಬಡಾವಣೆಯಲ್ಲಾದರೂ ನೋಡಿ, ಒಂದೇ ಕಾರಿನಲ್ಲಿ ಮೂವರು ಕಲಿಯುವವರು. ಒಬ್ಬ ಓಡಿಸುತ್ತಾನೆ, ಇಬ್ಬರು ಹಿಂದೆ ಕೂತು ಮೊಬೈಲ್ ನೋಡುತ್ತಾರೆ. ದಿನಕ್ಕೆ ಇಪ್ಪತ್ತು ನಿಮಿಷ ಕೈಗೆ ಸಿಕ್ಕರೂ ಇಪ್ಪತ್ತೊಂದು ದಿನಕ್ಕೆ ಏಳೇ ಗಂಟೆ. ಅದೂ ಖಾಲಿ ರಸ್ತೆಯಲ್ಲಿ, ತಂಪು ಬೆಳಕಿನಲ್ಲಿ, ಎರಡನೇ ಗೇರಿನಲ್ಲಿ. ರಾತ್ರಿ ಇಲ್ಲ, ಮಳೆ ಇಲ್ಲ, ಎದುರಿನಿಂದ ಹೈ ಬೀಮ್ ಹಾಕಿಕೊಂಡು ಬರುವ ಲಾರಿ ಇಲ್ಲ. ಟೆಸ್ಟಿನ ದಿನ ಟ್ರ್ಯಾಕಿನಲ್ಲಿ ಎಂಟು ಹಾಕಿ, ರಿವರ್ಸ್ ತೋರಿಸಿ ಬಂದರೆ ಡಿಎಲ್ ಕೈಗೆ ಬರುತ್ತದೆ. ಮರುವಾರ ಅದೇ ಹುಡುಗ ನೂರು ಕಿಲೋಮೀಟರ್ ವೇಗಮಿತಿಯ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿರುತ್ತಾನೆ. ಆ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 28 ಮೀಟರ್ ಸಾಗುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ಗಾಡಿ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ ಎಂದು ಅವನಿಗೆ ಯಾರಾದರೂ ಹೇಳಿದ್ದಾರೆಯೇ?

ಡ್ರೈವಿಂಗ್ ಸ್ಕೂಲ್ ಕಾರಿನಲ್ಲಿ ಎಡಗಡೆ ಸೀಟಿನ ಕೆಳಗೂ ಬ್ರೇಕ್, ಕ್ಲಚ್ ಇರುತ್ತವೆ. ಕಲಿಯುವವನ ಗಮನಕ್ಕೆ ಬಾರದಂತೆ ಕಲಿಸುವವರ ಕಾಲು ಅಲ್ಲಿ ಕೆಲಸ ಮಾಡುತ್ತಿರುತ್ತದೆ. ನಾಯಿ ಅಡ್ಡ ಬಂದಾಗ, ಆಟೊ ದಿಢೀರನೆ ತಿರುಗಿದಾಗ ಗಾಡಿ ನಿಂತದ್ದು ಆ ಕಾಲಿನಿಂದ. ಕಲಿಯುವವನು ಮಾತ್ರ "ನನಗೆ ಕಂಟ್ರೋಲ್ ಬಂತು" ಎಂದುಕೊಂಡಿರುತ್ತಾನೆ. ಇದಕ್ಕಿಂತ ಅಪಾಯದ ನಂಬಿಕೆ ಇನ್ನೊಂದಿಲ್ಲ. ಡಿಎಲ್ ಬಂದ ಮಾರನೇ ದಿನ ಅವನು ಕೂರುವ ಕಾರಿನಲ್ಲಿ ಎಡಗಡೆ ಬ್ರೇಕ್ ಇರುವುದಿಲ್ಲ. ಬಹಳ ಸಲ ಎಡಗಡೆ ದೊಡ್ಡವರೂ ಇರುವುದಿಲ್ಲ.

ಅಪ್ಪಂದಿರೇ, ಅಮ್ಮಂದಿರೇ, ಗಾಡಿ ಓಡಿಸಲು ಬರುವ ಅಣ್ಣ, ಅಕ್ಕ, ಸೋದರಮಾವಂದಿರೇ, ಆ ಸೀಟು ನಿಮ್ಮದು. ದಯವಿಟ್ಟು ಅಲ್ಲಿ ಕೂರಿ. ಕೂತು ಫೋನ್ ನೋಡಬೇಡಿ, ಬೈಯಬೇಡಿ. ಬೈಗುಳಕ್ಕೆ ಹೆದರಿದವನ ಕಣ್ಣು ರಸ್ತೆ ಬಿಟ್ಟು ನಿಮ್ಮ ಮುಖದ ಮೇಲೇ ಇರುತ್ತದೆ. ಮೊದಲು ಸಂತೆಯ ದಿನ ಪೇಟೆಯೊಳಗೆ ಕರೆದೊಯ್ಯಿರಿ. ಆಮೇಲೆ ಮಳೆಯಲ್ಲಿ, ಆಮೇಲೆ ಕತ್ತಲೆಯಲ್ಲಿ. ಎದುರು ಗಾಡಿ ಕಂಡರೆ ಡಿಮ್ ಮಾಡುವುದನ್ನು ಕೈಗೆ ರೂಢಿಯಾಗುವ ತನಕ ಹೇಳುತ್ತಲೇ ಇರಿ. ಸುಗ್ಗಿಯ ಕಾಲದಲ್ಲಿ ರಾಗಿ, ಹುರುಳಿ ಹಾಸಿದ ರಸ್ತೆಯಲ್ಲಿ ಬೈಕಿನ ಚಕ್ರ ಹೇಗೆ ಜಾರುತ್ತದೆ, ಹಿಂದೆ ಲೈಟಿಲ್ಲದ ಕಬ್ಬಿನ ಟ್ರ್ಯಾಕ್ಟರ್ ರಾತ್ರಿ ಎಷ್ಟು ಹತ್ತಿರ ಬಂದ ಮೇಲೆ ಕಾಣಿಸುತ್ತದೆ ಎಂಬುದನ್ನು ನಮ್ಮ ಊರುಗಳಲ್ಲಿ ಓಡಿಸಿದ ನೀವೇ ಹೇಳಿಕೊಡಬೇಕು. ಘಟ್ಟದ ಕಿರಿದಾದ ರಸ್ತೆಯಲ್ಲಿ ಹತ್ತುವ ಗಾಡಿಗೆ ಇಳಿಯುವ ಗಾಡಿ ದಾರಿ ಬಿಡಬೇಕು. ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್ ಹಾಕಿ ಇಳಿಯಬಾರದು, ಹತ್ತುವ ಗೇರಿನಲ್ಲೇ ಇಳಿಯಬೇಕು. ಆಗುಂಬೆಗೋ ಚಾರ್ಮಾಡಿಗೋ ಸ್ನೇಹಿತರ ಜೊತೆ ಹೋಗುವ ಮೊದಲು ನಿಮ್ಮ ಜೊತೆ ಒಮ್ಮೆ ಹೋಗಿ ಬರಲಿ.

ಇದೆಲ್ಲಕ್ಕೂ ಮೊದಲಿನದು ಒಂದಿದೆ. ಸ್ಟೀರಿಂಗ್ ಮುಟ್ಟುವ ಮೊದಲು, ಮುಂದೆ ಅವನು ಓಡಿಸಲಿರುವ ರಸ್ತೆಯನ್ನೇ ಅಜ್ಜಿಯ ಕೈ ಹಿಡಿದು ನಡೆದು ದಾಟಲಿ. ಜೀಬ್ರಾ ಪಟ್ಟೆಯ ಮೇಲೂ ನಿಲ್ಲಿಸದೆ ಹಾರ್ನ್ ಹೊಡೆದು ಬರುವ ಕಾರು ಅಜ್ಜಿಯ ಕಾಲಿಗೆ ಎಷ್ಟು ನಡುಕ ತರುತ್ತದೆ ಎಂದು ಅವನ ಅಂಗೈಗೆ ತಿಳಿಯಲಿ. ನಡೆಯುವವರ ಭಯ ಗೊತ್ತಿಲ್ಲದವನಿಗೆ ಕ್ಲಚ್ಚಿನ ವಿದ್ಯೆ ಕೊಡುವುದು ಅನ್ಯಾಯ.

ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲು ಇಷ್ಟಪಡದ ಇನ್ನೊಂದು ಪಾಠವಿದೆ. ಡಿಕ್ಕಿಯಾದರೆ ಏನು ಮಾಡಬೇಕು? ಹೊಸಬ ಹೆದರಿ ಓಡುತ್ತಾನೆ. ಓಡಿದ್ದರಿಂದ, ಬದುಕಬಹುದಾಗಿದ್ದ ಒಬ್ಬ ರಸ್ತೆಯ ಮೇಲೇ ರಕ್ತ ಹರಿದು ಸಾಯುತ್ತಾನೆ. ಗಾಯಗೊಂಡವರಿಗೆ ಚಿಕಿತ್ಸೆ ಕೊಡಿಸುವುದು ಚಾಲಕನ ಕರ್ತವ್ಯವೆಂದು ಮೋಟಾರು ವಾಹನ ಕಾಯ್ದೆಯ 134ನೇ ಕಲಮು ಹೇಳುತ್ತದೆ. ನೆರವಿಗೆ ಬಂದ ದಾರಿಹೋಕರಿಗೆ ತೊಂದರೆಯಾಗದಂತೆ 134ಎ ಕಾಯುತ್ತದೆ. "ತಪ್ಪು ಯಾರದ್ದೇ ಇರಲಿ, ನಿಲ್ಲು. 108ಕ್ಕೆ ಫೋನ್ ಮಾಡು. ಆಮೇಲೆ ನನಗೆ ಮಾಡು, ನಾನು ಬರ್ತೀನಿ" ಎಂದು ಮಕ್ಕಳಿಗೆ ಇವತ್ತೇ ಹೇಳಿ. ಅಪ್ಪನ ಬೈಗುಳಕ್ಕೆ ಹೆದರಿ ಓಡಿಹೋಗುವ ಮಕ್ಕಳನ್ನು ಬೆಳೆಸಬೇಡಿ.

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರುಗಳೇ, ತರಬೇತಿ ಮುಗಿಯಿತೆಂದು ಬರೆದುಕೊಡುವ ಫಾರಂ 5ರ ಮೇಲೆ ನಿಮ್ಮ ಸಹಿ ಇರುತ್ತದೆ. ನಿಮ್ಮಲ್ಲಿ ಕಲಿತವನ ಕೈಗೆ ಗಾಡಿ ಕೊಟ್ಟು ನಿಮ್ಮ ಸ್ವಂತ ಮಕ್ಕಳನ್ನು ಹಿಂದೆ ಕೂರಿಸಬಲ್ಲಿರಾ? ಬಲ್ಲೆವು ಅನ್ನಿಸಿದರೆ ಮಾತ್ರ ಸಹಿ ಹಾಕಿ. ಆರ್‌ಟಿಓ ಇನ್‌ಸ್ಪೆಕ್ಟರುಗಳೇ, ಸರಿಯಾಗಿ ಕಲಿಯದವನನ್ನು "ಇನ್ನೊಂದು ತಿಂಗಳು ಕಲಿತು ಬಾಪ್ಪಾ" ಎಂದು ವಾಪಸು ಕಳಿಸಿ. ಶಿಫಾರಸಿನ ಫೋನ್ ಬಂದರೂ ಕಳಿಸಿ. ನಿಮ್ಮಿಂದ ಫೇಲಾದವನು ನಾಲ್ಕು ದಿನ ಶಪಿಸಿಯಾನು, ಶಪಿಸಲಿ.

ಮನೆಯವರಿಗೆ ಕೊನೆಯದಾಗಿ ಒಂದು ಮಾತು. ಎಲ್‌ಎಲ್‌ಆರ್ ಬಂದ ಮೂವತ್ತು ದಿನಕ್ಕೆ ಡಿಎಲ್‌ಗೆ ಅರ್ಜಿ ಹಾಕಬಹುದು, ಆದರೆ ಎಲ್‌ಎಲ್‌ಆರ್ ನಡೆಯುವುದು ಆರು ತಿಂಗಳು. ಮೂವತ್ತೊಂದನೇ ದಿನಕ್ಕೇ ಓಡಬೇಡಿ, ಆ ಆರು ತಿಂಗಳನ್ನೂ ಕಲಿಸಲು ಬಳಸಿ. ಹಿಂದೆ ಮುಂದೆ ಕೆಂಪು "ಎಲ್" ಬೋರ್ಡ್ ಇರಲಿ, ಅದರಲ್ಲಿ ನಾಚಿಕೆಯೇನಿದೆ? "ಅಪ್ಪಾ, ಎಲ್ರೂ ಒಬ್ಬೊಬ್ರೇ ಓಡಿಸ್ತಾರೆ, ನಾನೂ ಹೋಗಿ ಬರ್ತೀನಿ" ಎಂದು ಮಗ ಅಂಗಲಾಚುವ ದಿನ ಬಂದೇ ಬರುತ್ತದೆ. ಇನ್ನೂ ಸಿದ್ಧನಾಗಿಲ್ಲ ಅನ್ನಿಸಿದರೆ ಬೇಡ ಅನ್ನಿ. ಮುನಿಸಿಕೊಳ್ಳಲಿ, ಒಂದು ಹೊತ್ತು ಊಟ ಬಿಡಲಿ. ಕೀಲಿ ನಿಮ್ಮ ಜೇಬಿನಲ್ಲೇ ಇರಲಿ, ಭಾನುವಾರ ಮತ್ತೆ ಅವನ ಪಕ್ಕದಲ್ಲಿ ಹೋಗಿ ಕೂರಿ.