ಹೆತ್ತವರ ಸಹಿ, ಮಕ್ಕಳ ನಿರ್ಧಾರ

ಅರಸೀಕೆರೆ, ಬೇಲೂರು, ಹಳೇಬೀಡು ಸೀಮೆಯ ನಮ್ಮ ಕುಟುಂಬಗಳಲ್ಲಿ ಪಿ.ಯು.ಸಿ. ಮುಗಿಸಿದ ಮಗನು ಸೇನೆಗೆ ಸೇರುವೆನೆಂದರೆ ಮನೆ ಮೌನವಾಗುವುದುಂಟು. ತೋಟ ನೋಡಿಕೊಳ್ಳುವವರಾರು ಎಂದು ತಂದೆ ಕೇಳುತ್ತಾರೆ. ತಾಯಿ ಕಣ್ಣೀರಿಡುತ್ತಾರೆ. ಒಳ್ಳೆಯ ಅಂಕ ಪಡೆದವನು ಓದು ಬಿಡುವುದೆ ಎಂದು ಶಿಕ್ಷಕರು ಬೇಸರಪಡುತ್ತಾರೆ. ಈ ಅಸಮ್ಮತಿಯನ್ನು ಹೇಡಿತನವೆಂದು ಹಗುರವಾಗಿ ಕಾಣಲಾಗದು. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮದಡಿ ಸಿಲುಕಿದ ಮದ್ರಾಸ್ ರೆಜಿಮೆಂಟಿನ 10 ಮಂದಿಯಲ್ಲಿ ನಮ್ಮ ಹಾಸನ ಜಿಲ್ಲೆಯ ತೇಜೂರಿನ ಸುಬೇದಾರ್ ನಾಗೇಶ್ ಒಬ್ಬರು. ದಿನಗಳ ಬಳಿಕ ಜೀವಂತವಾಗಿ ದೊರೆತ ಧಾರವಾಡ ಜಿಲ್ಲೆಯ ಹನುಮಂತಪ್ಪ ಕೊಪ್ಪದ ಅವರೂ ಫೆಬ್ರವರಿ 11ರಂದು ದೆಹಲಿಯಲ್ಲಿ ಕೊನೆಯುಸಿರೆಳೆದರು. ತಾಯಂದಿರ ಭಯಕ್ಕೆ ಆಧಾರವುಂಟು.

2022ರಲ್ಲಿ ಈ ಭಯಕ್ಕೆ ಇನ್ನೊಂದು ಚಿಂತೆ ಸೇರಿತು. ಆ ವರ್ಷದ ಜೂನ್ 14ರಂದು ಕೇಂದ್ರ ಸರ್ಕಾರ ಪ್ರಕಟಿಸಿದ ಅಗ್ನಿಪಥ ಯೋಜನೆ ಹದಿನೇಳೂವರೆಯಿಂದ 21 ವರ್ಷದವರನ್ನು ನಾಲ್ಕು ವರ್ಷಗಳ ಸೇವೆಗೆ ಕರೆಯಿತು. ಅವಧಿ ಮುಗಿದ ಮೇಲೆ ಹೆಚ್ಚೆಂದರೆ ಶೇಕಡಾ 25 ಮಂದಿಗೆ ಮುಂದುವರಿಕೆ, ಉಳಿದವರಿಗೆ ಸುಮಾರು 11.71 ಲಕ್ಷ ರೂಪಾಯಿಗಳ ಸೇವಾನಿಧಿ, ನಿವೃತ್ತಿವೇತನವಿಲ್ಲ ಎಂಬುದು ಅಂದು ಸಾರಿದ ನಿಯಮ. ಆ ನಿಧಿಗೆ ಸರ್ಕಾರ ಕೊಡುವಷ್ಟೇ ಪಾಲು ಸೈನಿಕನ ಸಂಬಳದಿಂದಲೂ ಸೇರುತ್ತದೆ. ಇಪ್ಪತ್ತೆರಡರಲ್ಲಿ ಮರಳಿ ಬಂದವನು ಬದುಕನ್ನು ಮತ್ತೆಲ್ಲಿಂದ ಆರಂಭಿಸಬೇಕು? ಶಿಕ್ಷಕರ ಬೇಸರದಲ್ಲಿ ಈ ಪ್ರಶ್ನೆಯೂ ಅಡಗಿದೆ.

ಅದೇ ಯೋಜನೆಯಲ್ಲಿ ಇನ್ನೊಂದು ಮಾತಿದೆ. 18 ತುಂಬದವರ ನೋಂದಣಿ ಪತ್ರಕ್ಕೆ ಹೆತ್ತವರ ಅಥವಾ ಪೋಷಕರ ಸಹಿ ಬೇಕು. 18 ತುಂಬಿದ ಮೇಲೆ ಬೇಕಿಲ್ಲ. ಸಹಿ ಬೇಡವಾದ ದಿನ ಆಶೀರ್ವಾದವೂ ಬೇಡವಾಗುವುದೆ? ನಮ್ಮ ಮನೆಗಳ ನಿಜವಾದ ಸಂಕಟ ಇಲ್ಲಿದೆ.

ಸಂತ ತೋಮಸ್ ಅಕ್ವಿನಾಸರು ಡೊಮಿನಿಕನ್ ಸಭೆಗೆ ಸೇರಿದಾಗ, 1244ರಲ್ಲಿ, ಒಡಹುಟ್ಟಿದವರೇ ಅವರನ್ನು ಹಿಡಿದು ತಂದರು; ಮನೆಯವರು ಸುಮಾರು ಒಂದು ವರ್ಷ ಕೋಟೆಯಲ್ಲಿ ಕೂಡಿಹಾಕಿದರು. ಮುಂದೆ ಅದೇ ತೋಮಸರು ತಂದೆತಾಯಿಗಳಿಗೂ ಜನ್ಮಭೂಮಿಗೂ ಸಲ್ಲಿಸುವ ಗೌರವವನ್ನು ಒಂದೇ ಸದ್ಗುಣದಡಿ ತಂದರು. ವಿವಾಹ, ಬ್ರಹ್ಮಚರ್ಯಗಳಂಥ ಆಯ್ಕೆಗಳಲ್ಲಿ ಮಾತ್ರ ಮಕ್ಕಳು ಹೆತ್ತವರ ಆಜ್ಞೆಗೆ ಬದ್ಧರಲ್ಲವೆಂದು ಬೋಧಿಸಿದರು. ಸೈನ್ಯಸೇವೆ ಯಾಜಕತ್ವದಂಥ ದೈವಕರೆಯೆಂದು ನಾವು ಹೇಳುತ್ತಿಲ್ಲ. ಆದರೆ 1992ರ ಧರ್ಮೋಪದೇಶ ಗ್ರಂಥವು ಉದ್ಯೋಗದ ಆಯ್ಕೆಯನ್ನೂ ವಯಸ್ಕ ಮಕ್ಕಳ ಹಕ್ಕು ಮತ್ತು ಕರ್ತವ್ಯವೆನ್ನುತ್ತದೆ. ಹೆತ್ತವರು ಒತ್ತಾಯಿಸಬಾರದು, ಮಕ್ಕಳು ಮನಃಪೂರ್ವಕವಾಗಿ ಸಲಹೆ ಕೇಳಬೇಕು ಎಂಬ ಎರಡು ಮಾತೂ ಅಲ್ಲಿವೆ.

ಕ್ರೈಸ್ತನು ಆಯುಧ ಹಿಡಿಯಬಹುದೆ ಎಂದು ಕೇಳುವವರಿದ್ದಾರೆ. ಪರಮಪ್ರಸಾದಕ್ಕೆ ಮುನ್ನ ನಾವು ಹೇಳುವ ದೀನತೆಯ ಮಾತು ಮೊದಲು ಬಂದದ್ದು ಒಬ್ಬ ಶತಾಧಿಪತಿಯ ಬಾಯಿಂದ. 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ, ಯೋಧನು ತನ್ನನ್ನು ಜನರ ಭದ್ರತೆಯ ಮತ್ತು ಸ್ವಾತಂತ್ರ್ಯದ ಸೇವಕನೆಂದು ತಿಳಿಯಬೇಕೆಂದಿತು. ಅಧರ್ಮದ ಆಜ್ಞೆಯನ್ನು ಧೈರ್ಯದಿಂದ ನಿರಾಕರಿಸುವವರನ್ನೂ ಕೊಂಡಾಡಿತು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿ, ವೀರಬಲ್ಲಾಳನಿಗಾಗಿ ಪ್ರಾಣ ನೀಗಿದ ಕುವರ ಲಕ್ಷ್ಮ ಮತ್ತು ಆತನ ಗರುಡರನ್ನು ನೆನೆವ ಕಂಬವಿದೆ. ಅವರ ನಿಷ್ಠೆ ಒಡೆಯನಿಗೆ ಸಂದಿತು. ಇಂದಿನ ಸೈನಿಕನು ಪ್ರಮಾಣ ಮಾಡುವುದು ಸಂವಿಧಾನಕ್ಕೆ. ಅವನ ಅಂತಃಕರಣವಾದರೋ ದೇವರಿಗೇ ಸೇರಿದ್ದು.

ಆದುದರಿಂದ ಯುವಕರಲ್ಲಿ ನಮ್ಮ ವಿನಂತಿಯಿಷ್ಟೆ: ಸಮವಸ್ತ್ರದ ಮೋಹದಿಂದಲೋ ಮನೆಯ ಮೇಲಿನ ಮುನಿಸಿನಿಂದಲೋ ಹೊರಡಬೇಡಿ. ನಾಲ್ಕು ವರ್ಷಗಳ ನಂತರದ ದಾರಿಯನ್ನು ಮೊದಲೇ ಯೋಚಿಸಿ, ಓದನ್ನು ಮುಂದುವರಿಸುವ ಬಗೆಯನ್ನು ಬೇಡವೆಂದ ಶಿಕ್ಷಕರನ್ನೇ ಕೇಳಿ. ಹೆತ್ತವರು ತಮ್ಮನ್ನು ತಾವು ಒಂದು ಪ್ರಶ್ನೆ ಕೇಳಿಕೊಳ್ಳಲಿ: ನಾವು ಅಂಜುವುದು ಮಗನ ಪ್ರಾಣಕ್ಕೋ, ಅವನಿಗಾಗಿ ನಾವು ಹಾಕಿದ ಲೆಕ್ಕ ತಪ್ಪುವುದಕ್ಕೋ? ಮೊದಲನೆಯದಾದರೆ ಅದನ್ನು ಅವನೆದುರು ಬಾಯಿಬಿಟ್ಟು ಹೇಳಿ. ಎರಡನೆಯದಾದರೆ ಅದನ್ನು ಬಿಟ್ಟುಕೊಡಿ. ಎಲ್ಲವನ್ನೂ ಆಲಿಸಿದ ಮೇಲೂ ಅವನ ನಿರ್ಧಾರ ಅಚಲವಾಗಿದ್ದರೆ, ತಲೆಯ ಮೇಲೆ ಕೈಯಿಟ್ಟು ಹಣೆಗೆ ಶಿಲುಬೆಯ ಗುರುತನ್ನಿಟ್ಟು ಕಳುಹಿಸಿ. ಹಿಮದ ನಡುವೆ ಕಾವಲು ನಿಲ್ಲುವವನಿಗೆ ಮನೆಯವರು ಮುನಿದಿದ್ದಾರೆಂಬ ಭಾರ ಬೇಡ.