ಯಯಾತಿಯ ಗುಳಿಗೆ

ತಿರುವನಂತಪುರದ ಶ್ರೀಕಾರ್ಯಂನಲ್ಲಿ ಕಳೆದ ತಿಂಗಳು ಸೇರಿದ್ದ ನಮ್ಮ ಓದುಕೂಟದಲ್ಲಿ ಚರ್ಚೆಗಿದ್ದುದು ಗಿರೀಶ ಕಾರ್ನಾಡರ ‘ಯಯಾತಿ’. ನಡುವೆ ಹಿರಿಯರೊಬ್ಬರು, ವಿದೇಶದಲ್ಲಿರುವ ಮಗ ಕಳಿಸಿದನೆಂದು, ಮೂರು ‘ಯೌವನವರ್ಧಕ’ ಶೀಶೆಗಳನ್ನು ಮೇಜಿನ ಮೇಲಿಟ್ಟರು: ಎನ್‌ಎಂಎನ್, ರೆಸ್ವೆರಟ್ರಾಲ್, ಅಶ್ವಗಂಧ. ಯಯಾತಿಯ ಯೌವನಕ್ಕೆ ಬೆಲೆ ತೆತ್ತವನು ಪುರು. ಈ ಶೀಶೆಗಳಿಗೆ ಬೆಲೆ ತೆರುವವರು ಯಾರು?

ಎನ್‌ಎಂಎನ್ ಕುರಿತ ಆಸೆಯೆಲ್ಲ ಹುಟ್ಟಿದ್ದು ಇಲಿಗಳ ಪ್ರಯೋಗದಲ್ಲಿ. ಮನುಷ್ಯರಲ್ಲಿ ಅದು ರಕ್ತದ ಎನ್‌ಎಡಿ ಎಂಬ ಅಂಶವನ್ನು ಹೆಚ್ಚಿಸುತ್ತದೆ; ಆಯುಸ್ಸನ್ನು ಹೆಚ್ಚಿಸಿದ್ದಕ್ಕೆ ಪುರಾವೆಯಿಲ್ಲ. ರೆಸ್ವೆರಟ್ರಾಲಿನ ಬೆನ್ನುಹತ್ತಿದ್ದ ಸರ್ಟ್ರಿಸ್ ಕಂಪನಿಯನ್ನು 2008ರಲ್ಲಿ ಗ್ಲಾಕ್ಸೋ ಸ್ಮಿತ್‌ಕ್ಲೈನ್ 72 ಕೋಟಿ ಡಾಲರಿಗೆ ಕೊಂಡಿತು. 2013ರಲ್ಲಿ ಅದರ ಕಚೇರಿಗೆ ಬೀಗ ಬಿತ್ತು. ಬೀಗ ಬಿದ್ದರೂ ಗುಳಿಗೆಯ ಮಾರಾಟ ನಿಂತಿಲ್ಲ.

‘ಗುಣವಾಗದಿದ್ದರೂ ಹಾನಿಯಂತೂ ಇಲ್ಲವಲ್ಲ’ ಎನ್ನುವವರಿದ್ದಾರೆ. ಈ ಮಾತನ್ನು ನಾವು ಒಪ್ಪುವುದಿಲ್ಲ. ಫಿನ್‌ಲ್ಯಾಂಡಿನಲ್ಲಿ 29,133 ಧೂಮಪಾನಿಗಳ ಮೇಲೆ ನಡೆದ ಅಧ್ಯಯನದ ಫಲಿತಾಂಶ 1994ರಲ್ಲಿ ಹೊರಬಂದಾಗ, ಬೀಟಾ ಕ್ಯಾರೋಟೀನ್ ಗುಳಿಗೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಿತ್ತು. ಅಶ್ವಗಂಧ ಸೇವಿಸಿ ಯಕೃತ್ತು ಕೆಟ್ಟವರ ಪ್ರಕರಣಗಳನ್ನು ಕೊಚ್ಚಿಯ ವೈದ್ಯ ಸಿರಿಯಾಕ್ ಆಬಿ ಫಿಲಿಪ್ಸ್ ಮತ್ತು ಸಂಗಡಿಗರು 2023ರಲ್ಲಿ ಪ್ರಕಟಿಸಿದರು. ಮೊದಲೇ ಯಕೃತ್ತಿನ ಕಾಯಿಲೆಯಿದ್ದ ಕೆಲವರು ಅದರಲ್ಲಿ ಜೀವವನ್ನೇ ಕಳೆದುಕೊಂಡಿದ್ದರು. ಗಿಡಮೂಲಿಕೆ ಎಂದಮಾತ್ರಕ್ಕೆ ನಿರಪಾಯವಲ್ಲ.

ಕಾನೂನು ಏನು ಹೇಳುತ್ತದೆ? 1945ರ ಔಷಧ ನಿಯಮಗಳ ‘ಜೆ’ ಅನುಸೂಚಿಯ ಪಟ್ಟಿಯಲ್ಲಿ ‘ಅಕಾಲ ವೃದ್ಧಾಪ್ಯ’ವೂ ಇದೆ, ಅದನ್ನು ತಡೆಯುವುದಾಗಿ ಔಷಧವು ಹೇಳಿಕೊಳ್ಳುವಂತಿಲ್ಲ. ಔಷಧಕ್ಕೆ ಮುಚ್ಚಿದ ಈ ಬಾಗಿಲನ್ನು ಬಿಟ್ಟು ಶೀಶೆಗಳು ಆಹಾರದ ಬಾಗಿಲಿನಿಂದ ಒಳಬರುತ್ತವೆ. ‘ಔಷಧೀಯ ಬಳಕೆಗಲ್ಲ’ ಎಂದು ಚೀಟಿಯ ಮೇಲೆ ಆಹಾರ ನಿಯಮ ಬರೆಸುತ್ತದೆ. ಅದನ್ನು ಓದಲು ಹಿರಿಯರಿಗೆ ಭೂತಗನ್ನಡಿ ಬೇಕು.

ನಾವು ಕೂಡಿದ್ದ ಶ್ರೀಕಾರ್ಯಂನಲ್ಲೇ 1963ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯಿದೆ. ಬೀಟಾ ಕ್ಯಾರೋಟೀನ್ ತುಂಬಿದ ‘ಭೂ ಸೋನಾ’ ಗೆಣಸು ಅದರ ಕೊಡುಗೆ. ಅದೇ ವಸ್ತು ಗೆಣಸಿನಲ್ಲಿದ್ದರೆ ಊಟ. ಪ್ರತ್ಯೇಕಿಸಿ ಗುಳಿಗೆಯಾಗಿಸಿ ವರ್ಷಗಟ್ಟಲೆ ನುಂಗಿಸಿದರೆ ಪ್ರಯೋಗ.

ಪರೀಕ್ಷೆಯಲ್ಲಿ ಬಿ12 ಕೊರತೆ ಕಂಡು ವೈದ್ಯರು ಬರೆದುಕೊಟ್ಟ ಗುಳಿಗೆಯನ್ನು ನಾವು ಹಳಿಯುತ್ತಿಲ್ಲ. ಆದರೆ ರಕ್ತದೊತ್ತಡ, ಮಧುಮೇಹಗಳ ಮಾತ್ರೆ ನುಂಗುವ ಅಪ್ಪ ಅಮ್ಮಂದಿರಿಗೆ ವೈದ್ಯರನ್ನು ಕೇಳದೆ ಶೀಶೆ ಕಳಿಸುವುದು ಪ್ರೀತಿಯಾದರೂ ವಿವೇಕವಲ್ಲ. ಮಕ್ಕಳು ಕಳಿಸಿದ್ದನ್ನು ಬೇಡವೆನ್ನಲು ಹಿರಿಯರಿಗೆ ನಾಲಗೆ ಏಳದು. ಆದ್ದರಿಂದ ಊರು ಬಿಟ್ಟು ನೆಲೆಸಿದ ಮಕ್ಕಳಿಗೇ ನಮ್ಮ ಮಾತು: ಕೊಳ್ಳುವ ಮುನ್ನ ಪುರಾವೆ ಕೇಳಿರಿ, ಈಗಾಗಲೇ ಕಳಿಸಿದ್ದರೆ, ಶೀಶೆಯನ್ನು ವೈದ್ಯರಿಗೆ ತೋರಿಸುವಂತೆ ಇಂದೇ ಫೋನು ಮಾಡಿರಿ.