ನೊರೆಯೇ ನೈರ್ಮಲ್ಯವಲ್ಲ

ನೊರೆ ಹೆಚ್ಚಿದಷ್ಟೂ ಕೊಳೆ ಹೆಚ್ಚು ಹೋಗುವುದೆಂಬ ನಂಬಿಕೆ ನಮ್ಮ ಮನೆಗಳಲ್ಲಿ ಬೇರೂರಿದೆ. ರಸಾಯನಶಾಸ್ತ್ರವನ್ನು ಓದುವ ನಾವೇ ಮೊದಲು ಇದನ್ನು ಬಿಡಬೇಕೆಂಬುದು ನಮ್ಮ ಅಭಿಪ್ರಾಯ.

ಎಣ್ಣೆಯನ್ನು ಕಾಸ್ಟಿಕ್ ಸೋಡಾದೊಡನೆ ಕಾಯಿಸಿದರೆ ಸಾಬೂನೂ ಗ್ಲಿಸರಿನ್ನೂ ಉಂಟಾಗುತ್ತವೆ. ಸಾಬೂನಿನ ಕಣದ ಒಂದು ತುದಿಗೆ ನೀರಿನ ಮೇಲೆ ಒಲವು, ಇನ್ನೊಂದು ತುದಿಗೆ ಜಿಡ್ಡಿನ ಮೇಲೆ ಒಲವು. ಇಂತಹ ಅನೇಕ ಕಣಗಳು ಸೇರಿ ಜಿಡ್ಡನ್ನು ಸುತ್ತುವರಿದು ನೀರಿನೊಡನೆ ಸಾಗಿಸುತ್ತವೆ. ಕೊಳೆ ಕಳೆಯುವುದು ಇದರಿಂದಲೇ ಹೊರತು ನೊರೆಯಿಂದಲ್ಲ.

ಆದರೆ ಗಚ್ಚಿಬೌಲಿಯ ಬಂಡೆನೆಲದಲ್ಲಿ ಕೊರೆದ ಕೊಳವೆಬಾವಿಗಳ ನೀರು ಸಾಮಾನ್ಯವಾಗಿ ಗಡಸು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸಾಬೂನಿನೊಡನೆ ಕೂಡಿ ಕರಗದ ಬಿಳಿಯ ಜಿಗುಟಾಗುತ್ತವೆ. ಬಕೆಟ್ಟಿನ ಅಂಚಿಗೆ ಅಂಟುವುದು ಇದೇ. ಸಾಬೂನಿನ ಒಂದು ಪಾಲು ಹೀಗೆ ವ್ಯರ್ಥವಾಗುತ್ತದೆ. ಪೆಟ್ರೋಲಿಯಂ ಮೂಲದ ದ್ರವ್ಯಗಳಿಂದ ತಯಾರಾದ ಮಾರ್ಜಕದ ಪುಡಿಯಾದರೋ ಗಡಸು ನೀರಿನಲ್ಲಿ ಅಷ್ಟು ಸುಲಭವಾಗಿ ಜಿಗುಟಾಗದು. ಈ ಗುಣವನ್ನು ನಾವು ಅಲ್ಲಗಳೆಯಲಾರೆವು.

ಒಗೆದ ನೀರು ಎಲ್ಲಿಗೆ ಹೋಗುವುದೆಂಬುದು ಮುಂದಿನ ಪ್ರಶ್ನೆ. ಮೊದಮೊದಲಿನ ಮಾರ್ಜಕಗಳ ಕವಲೊಡೆದ ಇಂಗಾಲದ ಸರಪಳಿಯನ್ನು ಸೂಕ್ಷ್ಮಜೀವಿಗಳು ಸುಲಭವಾಗಿ ಒಡೆಯಲಾರದೆ ಯೂರೋಪಿನ ನದಿಗಳು ನೊರೆಗಟ್ಟಿದವು. 1960ರ ದಶಕದಲ್ಲಿ ಅಲ್ಲಿಯೂ ಅಮೆರಿಕದಲ್ಲಿಯೂ ನೇರ ಸರಪಳಿಯ ಮಾರ್ಜಕಗಳು ಬಳಕೆಗೆ ಬಂದವು. ಇವು ಜೀವಾಣುಗಳಿಂದ ಒಡೆಯುತ್ತವೆ. ಆದರೆ ಅದಕ್ಕೆ ಪ್ರಾಣವಾಯುವೂ ಕಾಲಾವಕಾಶವೂ ಬೇಕು. ಚರಂಡಿಯ ನೀರು ಶುದ್ಧಿಯಾಗದೆ ಕೆರೆಗೆ ಬಿದ್ದರೆ ಇವೆರಡೂ ಸಾಲವು. 2015ರಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ ಬಂದುದನ್ನು ನಾಡೇ ಕಂಡಿತು. ನಮ್ಮ ನೆರೆಯಲ್ಲೂ ದುರ್ಗಂ ಚೆರುವು ಇದೆ.

ಹಾಗಾದರೆ ಸಾಬೂನಿಗೇ ಮರಳೋಣವೇ ಎಂದು ಕೇಳಬಹುದು. ಗಡಸು ನೀರಿನಲ್ಲಿ ಸಾಬೂನನ್ನು ಇಮ್ಮಡಿ ಉಜ್ಜಿ ಅದನ್ನೂ ಚರಂಡಿಗೆ ಹರಿಸುವುದು ವಿವೇಕವಲ್ಲ. ಸಾಬೂನಿನಿಂದಲೇ ಒಗೆಯುವವರು ನೀರಿಗೆ ಮೊದಲು ಸ್ವಲ್ಪ ವಾಷಿಂಗ್ ಸೋಡಾ ಬೆರೆಸಲಿ. ಕ್ಯಾಲ್ಸಿಯಂ ಕೆಳಗಿಳಿದು ನೀರು ಮೆದುವಾಗುತ್ತದೆ. ಪುಡಿಯನ್ನು ಬಳಸುವವರು ಹಿಡಿಯಿಂದ ಸುರಿಯದೆ ಚಮಚದಿಂದ ಅಳೆಯಲಿ. ಹೆಚ್ಚಾದ ಪುಡಿ ಬಟ್ಟೆಯನ್ನು ಹೆಚ್ಚು ಬೆಳ್ಳಗಾಗಿಸದು. ಅದನ್ನು ಜಾಲಿಸಲು ನೀರು ಮಾತ್ರ ಹೆಚ್ಚು ಬೇಕಾಗುತ್ತದೆ. ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಕಾಯುವ ಬಡಾವಣೆಗಳಿಗೆ ಆ ನೀರಿನ ಬೆಲೆ ಗೊತ್ತು.

ಚರಂಡಿನೀರನ್ನು ಶುದ್ಧಗೊಳಿಸುವುದು ಸರ್ಕಾರದ ಹೊಣೆ. ಪುಡಿಯನ್ನು ಅಳೆಯುವುದು ನಮ್ಮದು. ತಾಯಂದಿರಿಗೆ ಇದನ್ನು ತಿಳಿಸಿ ಹೇಳಿ ಸುಮ್ಮನಾಗದೆ, ನಮ್ಮ ಸಮವಸ್ತ್ರಗಳನ್ನು ನಾವೇ ಒಗೆದು, ಅಳತೆಯನ್ನು ಕೈಯಾರೆ ಕಲಿಯೋಣ.